ಕತೆ ಕಟ್ಟಿದ ಅತಾಮಾನ

ಪೀಟರ್ಸ್‌ಬರ್ಗಿನ ಕ್ರಸ್ನೋವ್ ಮನೆತನದಲ್ಲಿ ಮೂವರು ಅಣ್ಣತಮ್ಮಂದಿರಿದ್ದರು. ಹಿರಿಯ ಆಂದ್ರೇಯ್ ಸಸ್ಯವಿಜ್ಞಾನಿ. ಚಹಾ ಬೆಳೆಯುವ ನಾಡುಗಳನ್ನು ನೋಡಿ ಬರಲು 1895ರಲ್ಲಿ ಹೊರಟ ರಷ್ಯನ್ ತಂಡದೊಡನೆ ಭಾರತ, ಸಿಂಹಳ, ಚೀನಾ, ಜಪಾನ್ ಸುತ್ತಿದವನು. 1912ರಲ್ಲಿ ಕಪ್ಪು ಸಮುದ್ರದ ದಂಡೆಯ ಬಟುಮಿಯಲ್ಲಿ ಸಸ್ಯೋದ್ಯಾನವನ್ನು ತೆರೆದ. ಜಾರ್ಜಿಯಾಕ್ಕೆ ಹೋದವರು ಇವತ್ತಿಗೂ ಅದನ್ನು ನೋಡದೆ ಬರುವುದಿಲ್ಲ, ಹಿಮಾಲಯದ ಗಿಡಮರಗಳಿಗೇ ಅಲ್ಲೊಂದು ಭಾಗವಿದೆ. ನಡುವಿನವನು ಪ್ಲಾತೋನ್. ಗಣಿತ ಓದಿ ಸಾಹಿತ್ಯ ವಿಮರ್ಶೆ, ಅನುವಾದ ಎಂದು ತೊಡಗಿಕೊಂಡವನು. ಅವನ ಹೆಂಡತಿ ಎಕತೆರೀನಾ ಬೆಕೆತೋವಾ ಮಹಾಕವಿ ಅಲೆಕ್ಸಾಂಡರ್ ಬ್ಲೋಕ್‌ನ ದೊಡ್ಡಮ್ಮ. ಲೈಲಾಕ್ ಹೂವಿನ ಮೇಲೆ ಆಕೆ ಬರೆದ ಪುಟ್ಟ ಕವಿತೆಗೆ ರಖ್ಮಾನಿನೋವ್ ಸಂಗೀತ ಹಾಕಿದ್ದರಿಂದ ಅದು ಜಗತ್ತಿನ ಸಂಗೀತ ಸಭೆಗಳಲ್ಲಿ ಈಗಲೂ ಕೇಳಿಬರುತ್ತದೆ. ಕಿರಿಯವನು ಪ್ಯೋತರ್. ಅಶ್ವದಳದ ಜನರಲ್, ಡಾನ್ ಕೊಸಾಕರ ಅತಾಮಾನ. ಅವನನ್ನು 1947ರ ಜನವರಿ 16ರಂದು ಮಾಸ್ಕೋದಲ್ಲಿ ಗಲ್ಲಿಗೇರಿಸಿದರು. ಆಗ ಅವನಿಗೆ 77 ವರ್ಷ.

ಈ ಮೂರನೆಯವನದು ಇವತ್ತಿನ ಮಾತು. ರಷ್ಯದಲ್ಲಿ ಅವನ ಬಾಳನ್ನು ಒಂದೋ ದೇಶದ್ರೋಹಿಯ ಕತೆಯಾಗಿ ಹೇಳುತ್ತಾರೆ, ಇಲ್ಲವೇ ಹುತಾತ್ಮನ ಕತೆಯಾಗಿ. ಮೊದಲನೆಯದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ, ಎರಡನೆಯದಕ್ಕೆ ಕಣ್ಣೀರು ಬೇಕಾದಷ್ಟಿದೆ. ನನಗೆ ಕಾಣುವುದು ಬೇರೆ. ಪ್ಯೋತರ್ ಕ್ರಸ್ನೋವ್ ಮೂಲತಃ ಕಾದಂಬರಿಕಾರ. ಮನಸ್ಸಿನೊಳಗೆ ಒಂದು ಕೊಸಾಕ್ ನಾಡನ್ನು ಕಟ್ಟಿಕೊಂಡಿದ್ದ. ನಿಜವಾದ ಕೊಸಾಕರು ಅದಕ್ಕೆ ಹೊಂದದೆ ಹೋದಾಗಲೆಲ್ಲ ಆ ಕಲ್ಪನೆಯನ್ನು ತಿದ್ದಿಕೊಳ್ಳುವ ಬದಲು, ಅದನ್ನು ನಿಜ ಮಾಡಿಕೊಡುವ ಹೊಸ ದೊರೆಯನ್ನು ಹುಡುಕಿಕೊಂಡು ಹೋದ. ಅದಕ್ಕೆ ಬೆಲೆ ತೆತ್ತವರಲ್ಲಿ ಅವನು ಕೊನೆಯವನು.

ಕೊಸಾಕರೆಂದರೆ ನಮಗೆ ಸಿನಿಮಾದಲ್ಲಿ ಕಂಡ ಉಣ್ಣೆಯ ಟೋಪಿ, ಬಾಗಿದ ಕತ್ತಿ, ನಾಗಾಲೋಟದ ಕುದುರೆ ನೆನಪಾಗುತ್ತವೆ. ಮೊದಮೊದಲು ಅವರು ಜೀತದಿಂದಲೂ ಕಂದಾಯದಿಂದಲೂ ತಪ್ಪಿಸಿಕೊಂಡು ಡಾನ್, ದ್ನೇಪರ್, ವೋಲ್ಗಾ ನದಿಗಳ ಬಯಲುಗಳಿಗೆ ಓಡಿಬಂದು ನೆಲೆಸಿದವರು. ಮೀನು ಹಿಡಿಯುವುದು, ಬೇಟೆ, ಕೊಳ್ಳೆ ಅವರ ಕಸುಬು. ಎಲ್ಲರೂ ಸೇರುವ ಸಭೆಗೆ ಕ್ರುಗ್ ಎಂದು ಹೆಸರು, ಆ ಸಭೆ ಆರಿಸಿದ ನಾಯಕ ಅತಾಮಾನ. ತ್ಸಾರ್ ದೊರೆಗಳ ನಿದ್ದೆ ಕೆಡಿಸಿದ ಬಂಡಾಯಗಾರರಾದ ಸ್ತೆಂಕಾ ರಾಜಿನ್, ಪುಗಚೋವ್ ಇಬ್ಬರೂ ಡಾನ್ ಕೊಸಾಕರೇ. ಅವರನ್ನು ಬಡಿದು ಮುಗಿಸುವುದಕ್ಕಿಂತ ಬಳಸಿಕೊಳ್ಳುವುದು ಲಾಭ ಎಂದು ಪೀಟರ್ಸ್‌ಬರ್ಗ್ ಕಂಡುಕೊಂಡಿತು. ಭೂಮಿ ಕೊಟ್ಟಿತು, ಕಂದಾಯ ಮನ್ನಾ ಮಾಡಿತು. ಪ್ರತಿಯಾಗಿ ಗಂಡಾಗಿ ಹುಟ್ಟಿದ ಪ್ರತಿಯೊಬ್ಬನೂ ದಂಡಿಗೆ ಬರಬೇಕು. 19ನೇ ಶತಮಾನದ ಕೊನೆಯ ಹೊತ್ತಿಗೆ, 18 ತುಂಬಿದವನು 20 ವರ್ಷ ಸೇವೆಯ ಪಟ್ಟಿಯಲ್ಲಿರುತ್ತಿದ್ದ. ಕುದುರೆ, ಜೀನು, ಸಮವಸ್ತ್ರ, ಕತ್ತಿ ಎಲ್ಲ ಸ್ವಂತ ಖರ್ಚಿನದು. ಒಬ್ಬ ಮಗನನ್ನು ದಂಡಿಗೆ ಸಜ್ಜುಮಾಡಿ ಕಳಿಸುವಷ್ಟರಲ್ಲಿ ಬಡ ಕೊಸಾಕ್ ಮನೆ ಸಾಲದಲ್ಲಿ ಮುಳುಗುತ್ತಿತ್ತು.

ಇನ್ನೊಂದು ಕಡೆ ಸಿರಿವಂತ ಕೊಸಾಕರು ಮೇಲೇರುತ್ತಿದ್ದರು. 1798ರಲ್ಲಿ ದೊರೆ ಪಾವೆಲ್ ಕೊಸಾಕ್ ಅಧಿಕಾರಿಗಳ ದರ್ಜೆಯನ್ನು ಸಾಮ್ರಾಜ್ಯದ ಸೈನ್ಯದ ದರ್ಜೆಗೆ ಸಮ ಎಂದು ಸಾರಿದ. ಸೈನ್ಯದ ದರ್ಜೆಯೊಡನೆ ಕುಲೀನ ಪದವಿಯೂ ಬರುತ್ತಿತ್ತು. ಹೀಗೆ ಜಮೀನ್ದಾರರಿಂದ ಓಡಿಹೋದವರ ವಂಶದಲ್ಲೇ ಜಮೀನ್ದಾರರು ಹುಟ್ಟಿದರು, ಅವರ ಹೊಲಗಳಲ್ಲಿ ಜೀತದಾಳುಗಳೂ ಕಾಣಿಸಿಕೊಂಡರು. ಇದೇ ಪಾವೆಲ್ 1801ರ ಜನವರಿಯಲ್ಲಿ ಇಂಗ್ಲಿಷರ ಮೇಲಿನ ಸಿಟ್ಟಿಗೆ ಸುಮಾರು 22,000 ಡಾನ್ ಕೊಸಾಕರನ್ನು ಹಿಂದೂಸ್ತಾನ ಗೆಲ್ಲಲು ಹೊರಡಿಸಿದ್ದ. ಸರಿಯಾದ ನಕ್ಷೆಯಿಲ್ಲ, ಮೇವಿನ ಏರ್ಪಾಡಿಲ್ಲ. ಮಾರ್ಚ್ ತಿಂಗಳಲ್ಲಿ ಅರಮನೆಯೊಳಗೇ ಅವನ ಕೊಲೆಯಾಯಿತು, ದಂಡು ಅರ್ಧ ದಾರಿಗೂ ಮುಂಚೆಯೇ ತಿರುಗಿ ಬಂತು. ಇಲ್ಲಿಯವರೆಗೆ ಬಂದಿದ್ದರೆ ನಮ್ಮ ಇತಿಹಾಸದ ಪುಸ್ತಕದಲ್ಲಿ ಒಂದು ವಿಚಿತ್ರ ಅಧ್ಯಾಯ ಇರುತ್ತಿತ್ತು.

ಕ್ರಸ್ನೋವರು ಹೀಗೆ ಮೇಲೇರಿದ ಮನೆತನ. ಮುತ್ತಜ್ಜ ಇವಾನ್ ಕೋಜ್ಮಿಚ್ ನೆಪೋಲಿಯನ್ನನ ವಿರುದ್ಧ ಕಾದಿ, 1812ರಲ್ಲಿ ಬೊರೊದಿನೋ ಕಾಳಗದ ಹೊಸ್ತಿಲಲ್ಲಿ ಕೊಲೊತ್ಸ್ಕಿ ಮಠದ ಬಳಿ ಪ್ರಾಣ ಹೋಗುವಂಥ ಗಾಯವುಂಡ ಜನರಲ್. ಅಜ್ಜ ಇವಾನ್ ಇವಾನೊವಿಚ್ ಕ್ರಿಮಿಯಾ ಯುದ್ಧದಲ್ಲಿ, 1855ರಲ್ಲಿ, ಇಂಗ್ಲಿಷರ ಮತ್ತು ಫ್ರೆಂಚರ ಹಡಗುಗಳಿಂದ ತಗನ್‌ರೋಗ್ ಪಟ್ಟಣವನ್ನು ಕಾಪಾಡಿದವನು. ತಂದೆ ನಿಕೊಲಾಯ್ ಕೂಡ ಜನರಲ್ಲೇ, ಆದರೆ ಹೆಸರು ಮಾಡಿದ್ದು ಡಾನ್ ಸೀಮೆಯ ಅಂಕಿಅಂಶ, ಇತಿಹಾಸ ಬರೆದು. ಕತ್ತಿಯ ಜೊತೆ ಲೇಖನಿಯೂ ಈ ಮನೆಗೆ ಅಪ್ಪಂದಿರಿಂದ ಬಂದ ಆಸ್ತಿ. ಒಂದು ಸಂಗತಿಯನ್ನು ಮಾತ್ರ ಮರೆಯಬಾರದು: ಪ್ಯೋತರ್ 1869ರಲ್ಲಿ ಹುಟ್ಟಿದ್ದು ಡಾನ್ ದಂಡೆಯಲ್ಲಲ್ಲ, ಪೀಟರ್ಸ್‌ಬರ್ಗಿನಲ್ಲಿ. ಡಾನ್ ಅವನಿಗೆ ದಾಖಲೆಯಲ್ಲಿದ್ದ ಊರು, ಅಪ್ಪನ ಪುಸ್ತಕದಲ್ಲಿದ್ದ ನಾಡು. ಹೊಲ ಉತ್ತು ಸಾಲ ಮಾಡಿ ಕುದುರೆ ಕೊಂಡ ಕೊಸಾಕನ ಡಾನ್ ಅವನಿಗೆ ತಿಳಿದದ್ದು ಬಹಳ ತಡವಾಗಿ.

ಪಾವ್ಲೊವ್ಸ್ಕಿ ಸೈನಿಕ ಶಾಲೆಯಿಂದ ಹೊರಬಿದ್ದವನು ಸೇರಿದ್ದು ಅರಮನೆಯ ಕಾವಲಿನ ಅತಾಮಾನ್ ರೆಜಿಮೆಂಟಿಗೆ. ಅದಕ್ಕೆ ಯುವರಾಜನೇ ಗೌರವ ಮುಖ್ಯಸ್ಥ. ಅಲ್ಲಿ ಕುದುರೆ ಚೆನ್ನಾಗಿರಬೇಕು, ಸಮವಸ್ತ್ರ ಹೊಳೆಯಬೇಕು, ನಾಟ್ಯಕೂಟಕ್ಕೆ ಹೋಗಬೇಕು. ಇವನು ಅದರ ಜೊತೆಗೆ ಪತ್ರಿಕೆಗೂ ಬರೆಯತೊಡಗಿದ. ಅವನ ಮೆಚ್ಚಿನ ಕುದುರೆಯ ಹೆಸರು ಗ್ರಾದ್. ಆ ಹೆಸರನ್ನೇ ಅಕ್ಷರ ಬಿಡಿಸಿ ತನ್ನ ಕಾವ್ಯನಾಮ ಮಾಡಿಕೊಂಡ.

1897ರ ಕೊನೆಯಲ್ಲಿ ರಷ್ಯ ಅಬಿಸೀನಿಯಾಕ್ಕೆ, ಅಂದರೆ ಇಂದಿನ ಇಥಿಯೋಪಿಯಾಕ್ಕೆ, ರಾಯಭಾರ ಕಳಿಸಿತು. ಇಟಲಿಯನ್ನು ಅಡುವಾದಲ್ಲಿ ಸೋಲಿಸಿ ಯುರೋಪನ್ನೇ ಬೆರಗುಗೊಳಿಸಿದ್ದ ಚಕ್ರವರ್ತಿ ಮೆನೆಲಿಕ್‌ನ ಸ್ನೇಹ ಆಗ ಎಲ್ಲರಿಗೂ ಬೇಕಿತ್ತು. ರಾಯಭಾರಿಯ ಬೆಂಗಾವಲಿಗೆ ಹೋದ ಕೊಸಾಕ್ ತುಕಡಿಗೆ ಕ್ರಸ್ನೋವ್ ನಾಯಕ. ಓಡುವ ಕುದುರೆಯ ಮೇಲೆ ನಿಂತು, ಹೊಟ್ಟೆಯಡಿ ತೂರಿ, ನೆಲದ ಮೇಲಿನ ವಸ್ತುವನ್ನು ಎತ್ತಿಕೊಳ್ಳುವ ಜಿಗಿತೋವ್ಕಾ ಎಂಬ ವರಸೆಯನ್ನು ಕೊಸಾಕರು ಮೆನೆಲಿಕ್‌ನ ಮುಂದೆ ಮಾಡಿ ತೋರಿಸಿದರು. ಆಮೇಲೆ ಅಂಚೆ ತಲುಪಿಸಲೆಂದು ಕ್ರಸ್ನೋವ್ ಹೇಸರಗತ್ತೆಯ ಮೇಲೆ ಸಾವಿರ ವೆರ್ಸ್ಟ್, ಅಂದರೆ ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯನ್ನು 11 ದಿನಗಳಲ್ಲಿ ಕ್ರಮಿಸಿದ. ಈ ಪ್ರಯಾಣದ ಮೇಲೆ ಪುಸ್ತಕವೂ ಬಂತು. 1901ರಲ್ಲಿ ಯುದ್ಧ ಇಲಾಖೆಯ ಪತ್ರಿಕೆ ‘ರೂಸ್ಕಿ ಇನ್‌ವಲೀದ್’ ಅವನನ್ನು ಮಂಚೂರಿಯಾ, ಚೀನಾ, ಜಪಾನ್, ಭಾರತಗಳಿಗೆ ಕಳಿಸಿತು. ಅಣ್ಣ ಚಹಾ ತೋಟ ನೋಡಿ ಹೋಗಿದ್ದ ದೇಶಕ್ಕೆ ತಮ್ಮ ಸೈನಿಕನ ಕಣ್ಣಿಟ್ಟುಕೊಂಡು ಬಂದ. ‘ಏಷ್ಯಾದುದ್ದಕ್ಕೂ’ ಎಂಬ ಅರ್ಥದ ಹೆಸರಿನಲ್ಲಿ ಆ ಬರಹಗಳು 1903ರಲ್ಲಿ ಪುಸ್ತಕವಾದವು. ಮರು ವರ್ಷವೇ ಶುರುವಾದ ಜಪಾನ್ ಯುದ್ಧದಿಂದಲೂ ವರದಿ ಕಳಿಸಿದ.

ಮೊದಲ ಮಹಾಯುದ್ಧ ಬಂದಾಗ ಅವನು 10ನೇ ಡಾನ್ ಕೊಸಾಕ್ ರೆಜಿಮೆಂಟಿನ ಮುಖ್ಯಸ್ಥ. ಇಲ್ಲಿ ಅವನನ್ನು ಹೊಗಳಲೇಬೇಕು. ಮಷಿನ್‌ಗನ್ನು, ಮುಳ್ಳುತಂತಿಗಳ ಆ ಯುದ್ಧದಲ್ಲಿ ಕುದುರೆ ದಳಕ್ಕೆ ಕೆಲಸವೇ ಇಲ್ಲ ಎಂದು ಹಲವು ಜನರಲ್ಲರು ಕೈಚೆಲ್ಲಿದ್ದಾಗ, ಪೂರ್ವ ರಣರಂಗದ ವಿಶಾಲ ಬಯಲಲ್ಲಿ ಇವನು ಕೆಲಸ ಹುಡುಕಿಕೊಂಡ. 1915ರಲ್ಲಿ ಕಾಕಸಸ್ಸಿನ ಮುಸ್ಲಿಂ ಸವಾರರ ‘ಕಾಡು ಡಿವಿಜನ್’ನ ಒಂದು ಬ್ರಿಗೇಡ್ ನಡೆಸಿ, ದ್ನಿಯೆಸ್ತರ್ ದಂಡೆಯ ಕಾಳಗಕ್ಕಾಗಿ ಸೇಂಟ್ ಜಾರ್ಜ್ ಪದಕ ಪಡೆದ. 1916ರಲ್ಲಿ ಜನರಲ್ ಬ್ರುಸಿಲೋವ್‌ನ ದೊಡ್ಡ ದಾಳಿಯಲ್ಲಿ ಕೊಸಾಕ್ ಡಿವಿಜನ್ ಒಂದರ ನಾಯಕನಾಗಿ ಗಾಯಗೊಂಡ. ಸವಾರರ ಊಟ, ಕುದುರೆಗಳ ಗೊರಸು ಎರಡನ್ನೂ ತಾನೇ ನೋಡುವ ಅಧಿಕಾರಿ ಎಂಬ ಹೆಸರಿತ್ತು. ಅಷ್ಟಕ್ಕೇ ಬಾಳು ಮುಗಿದಿದ್ದರೆ ಸೈನ್ಯದ ಇತಿಹಾಸಕಾರರು ಬಿಟ್ಟರೆ ಬೇರೆ ಯಾರೂ ಅವನ ಹೆಸರು ಎತ್ತುತ್ತಿರಲಿಲ್ಲ.

1917 ಬಂತು. ನವೆಂಬರಿನಲ್ಲಿ ಬೊಲ್ಶೆವಿಕರು ಪೆತ್ರೋಗ್ರಾದ್, ಅಂದರೆ ಪೀಟರ್ಸ್‌ಬರ್ಗ್, ಹಿಡಿದಾಗ ಪ್ರಧಾನಿ ಕೆರೆನ್‌ಸ್ಕಿ ಓಡಿಬಂದದ್ದು ಕ್ರಸ್ನೋವ್‌ನ 3ನೇ ಅಶ್ವದಳದ ಬಳಿಗೆ. ಅರಸೊತ್ತಿಗೆಯ ಭಕ್ತನಾದ ಕ್ರಸ್ನೋವ್‌ಗೆ ಕೆರೆನ್‌ಸ್ಕಿಯೆಂದರೆ ಅಷ್ಟಕ್ಕಷ್ಟೆ. ಆದರೂ ಹೊರಟ. ದಳ ಎಂದರೆ ಹೆಸರಿಗೆ ದೊಡ್ಡದು, ಕೈಗೆ ಸಿಕ್ಕದ್ದು ನೂರರ ಲೆಕ್ಕದ ಸವಾರರು. ಅಷ್ಟು ಮಂದಿಯಿಂದಲೇ ಗಾತ್ಚಿನಾ, ತ್ಸಾರ್ಸ್ಕೊಯೆ ಸೆಲೋ ಹಿಡಿದು ರಾಜಧಾನಿಯ ಬಾಗಿಲಲ್ಲಿರುವ ಪುಲ್ಕೊವೋ ದಿಬ್ಬದವರೆಗೆ ಹೋದ. ಅಲ್ಲಿ ಸಾವಿರಾರು ನಾವಿಕರು, ಕಾರ್ಮಿಕರು ಎದುರಾದರು. ಸಹಾಯಕ್ಕೆ ಬರುವ ಕಾಲಾಳು ಬರಲೇ ಇಲ್ಲ. ಹಿಂದೆ ಸರಿದ ಕೊಸಾಕರು ಗಾತ್ಚಿನಾದಲ್ಲಿ ನಾವಿಕರ ಮುಖಂಡ ದಿಬೆಂಕೋ ಜೊತೆ ವ್ಯಾಪಾರಕ್ಕೆ ಕೂತರು: ನಾವು ಕೆರೆನ್‌ಸ್ಕಿಯನ್ನು ಕೊಡುತ್ತೇವೆ, ನೀವು ಲೆನಿನ್ನನನ್ನು ಕೊಡಿ. ಕೆರೆನ್‌ಸ್ಕಿ ನಾವಿಕನ ವೇಷ ಹಾಕಿಕೊಂಡು ಜಾರಿಕೊಂಡ. ಕ್ರಸ್ನೋವ್ ಸೆರೆಯಾದ, ಸ್ವಲ್ಪದರಲ್ಲೇ ಬಿಡುಗಡೆಯೂ ಆಯಿತು. ಸೋವಿಯತ್ ಸರ್ಕಾರದ ವಿರುದ್ಧ ಮತ್ತೆ ಆಯುಧ ಹಿಡಿಯುವುದಿಲ್ಲ ಎಂದು ಮಾತು ಕೊಟ್ಟಿದ್ದ ಎಂದು ಸೋವಿಯತ್ ಪಠ್ಯಪುಸ್ತಕಗಳು ಎರಡು ಮೂರು ತಲೆಮಾರಿಗೆ ಹೇಳಿಕೊಟ್ಟವು. ನನ್ನ ಗಮನ ಇರುವುದು ಆ ಮಾತಿನ ಮೇಲಲ್ಲ, ವ್ಯಾಪಾರಕ್ಕೆ ಕೂತ ಕೊಸಾಕರ ಮೇಲೆ. ಅವರಿಗೆ ಬೇಕಾಗಿದ್ದದ್ದು ಮನೆ. ಮೂರು ವರ್ಷ ಯುದ್ಧ ಮಾಡಿ ದಣಿದಿದ್ದರು, ಹೊಲ ಕಾಯುತ್ತಿತ್ತು. ಅವರ ಜನರಲ್ ಇದನ್ನು ಹೇಡಿತನ ಎಂದು ಓದಿಕೊಂಡ.

ಡಾನ್ ಸೀಮೆಯಲ್ಲಿ ಆ ಚಳಿಗಾಲ ಭೀಕರವಾಗಿತ್ತು. ಅತಾಮಾನ ಕಲೇದಿನ್ ಕೊಸಾಕರು ತನ್ನ ಹಿಂದೆ ಬರುತ್ತಿಲ್ಲವೆಂದು ಎದೆಗೆ ಗುಂಡು ಹೊಡೆದುಕೊಂಡ. ಅವನ ಜಾಗಕ್ಕೆ ಬಂದ ನಜಾರೊವ್‌ನನ್ನು ಕೆಂಪು ಸೈನಿಕರು ಕೊಂದರು. ಬೊಲ್ಶೆವಿಕರ ವಸೂಲಿ, ಕೊಲೆಗಳನ್ನು ಕೆಲವೇ ತಿಂಗಳು ಕಂಡ ಕೊಸಾಕರು ವಸಂತದಲ್ಲಿ ದಂಗೆಯೆದ್ದರು. ಅದೇ ಹೊತ್ತಿಗೆ ಜರ್ಮನ್ ಸೈನ್ಯ ರೊಸ್ತೋವ್‌ವರೆಗೆ ಬಂದು ಕೂತಿತ್ತು. 1918ರ ಮೇ 16ರಂದು ಡಾನ್ ರಾಜಧಾನಿ ನೊವೊಚೆರ್ಕಾಸ್ಕ್‌ನಲ್ಲಿ ಸೇರಿದ ಕ್ರುಗ್ ಕ್ರಸ್ನೋವ್‌ನನ್ನು ಅತಾಮಾನನನ್ನಾಗಿ ಆರಿಸಿತು. ಅಶ್ವದಳದ ಪೂರ್ಣ ಜನರಲ್ ಪದವಿಯೂ ಅವನಿಗೆ ಸಿಕ್ಕಿದ್ದು ಆ ವರ್ಷ ಇದೇ ಸಭೆಯಿಂದ, ತ್ಸಾರ್ ದೊರೆಯಿಂದಲ್ಲ.

ಈಗ ಕಾದಂಬರಿಕಾರನ ಕೈಗೆ ಒಂದು ದೇಶವೇ ಸಿಕ್ಕಿತು. ‘ಸರ್ವಮಹಾ ಡಾನ್ ಸೇನೆ’ ಎಂದು ಅದರ ಹೆಸರು. ಧ್ವಜಕ್ಕೆ ನೀಲಿ, ಹಳದಿ, ಕೆಂಪು ಪಟ್ಟಿಗಳು: ಕೊಸಾಕರು, ಬೌದ್ಧರಾದ ಕಲ್ಮಿಕರು, ರಷ್ಯನ್ನರು ಎಂಬ ಮೂರು ಜನಗಳ ಗುರುತು. ರಾಷ್ಟ್ರಗೀತೆ ಬಂತು. ಕಾನೂನು ಬಹುಮಟ್ಟಿಗೆ ತ್ಸಾರ್ ಕಾಲದ್ದೇ, ದೊರೆ ಇದ್ದ ಕಡೆ ಅತಾಮಾನ ಎಂದು ಬಂದಿತ್ತು. ಭುಜಪಟ್ಟಿ, ಸಲಾಮು, ಹಳೆಯ ರೆಜಿಮೆಂಟುಗಳ ಹೆಸರು ಎಲ್ಲ ಮರಳಿದವು. ಬಾಲ್ಯದಲ್ಲಿ ಅಪ್ಪನ ಪುಸ್ತಕದಲ್ಲಿ ಓದಿದ ನಾಡು ಅಕ್ಷರಶಃ ಎದ್ದು ನಿಂತಿತ್ತು. ಒಂದೇ ತೊಂದರೆ: ಆ ನಾಡಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಕೊಸಾಕರೇ ಅಲ್ಲ. ಹೊರಗಿನಿಂದ ಬಂದು ಗೇಣಿ ಮಾಡುವ ರೈತರು, ಗಣಿ ಕೂಲಿಗಳು, ರೊಸ್ತೋವಿನ ಕಾರ್ಮಿಕರು, ಅಂಗಡಿಯವರು. ಅವರಿಗೆ ಈ ಹೊಸ ರಾಜ್ಯದಲ್ಲಿ ದಕ್ಕಿದ್ದು ಕರ್ತವ್ಯ, ಭೂಮಿಯಲ್ಲ.

ಹಣ, ಮದ್ದುಗುಂಡು ಎಲ್ಲಿಂದ? ಕ್ರಸ್ನೋವ್ ಜರ್ಮನ್ ಚಕ್ರವರ್ತಿ ಎರಡನೇ ವಿಲ್ಹೆಲ್ಮ್‌ಗೆ ಪತ್ರ ಬರೆದ. ಧಾನ್ಯ ಕೊಡುತ್ತೇವೆ, ಫಿರಂಗಿ ಬಂದೂಕು ಕೊಡಿ, ನಮ್ಮನ್ನು ಸ್ವತಂತ್ರ ರಾಜ್ಯವೆಂದು ಒಪ್ಪಿಕೊಳ್ಳಿ. ಮೂರು ವರ್ಷ ಯಾರ ಮೇಲೆ ಕುದುರೆ ಹಾರಿಸಿದ್ದನೋ ಅವರ ಬಳಿಗೇ. ಮಗ್ಗುಲಲ್ಲಿ ಬೀಡುಬಿಟ್ಟು ಬೊಲ್ಶೆವಿಕರ ವಿರುದ್ಧವೇ ಕಾದುತ್ತಿದ್ದ ಜನರಲ್ ದೆನಿಕಿನ್‌ನ ಸ್ವಯಂಸೇವಕ ಸೈನ್ಯ ಮಿತ್ರರಾಷ್ಟ್ರಗಳಿಗೆ ನಿಷ್ಠವಾಗಿತ್ತು. ಜರ್ಮನರೊಡನೆ ಕೈಜೋಡಿಸಿದವನೆಂದು ಅವರು ಇವನನ್ನು ಹೀಗಳೆದರು. ಹೀಗಳೆಯುತ್ತಲೇ ಇವನಿಂದ ಮದ್ದುಗುಂಡು ತೆಗೆದುಕೊಂಡರು. ಜರ್ಮನ್ ಗುಂಡುಗಳನ್ನು ನನ್ನ ಕೊಳಕು ಕೈಯಲ್ಲಿ ಇಸಿದುಕೊಂಡು ಡಾನ್ ನದಿಯಲ್ಲಿ ತೊಳೆದು ಶುದ್ಧ ಮಾಡಿ ನಿಮಗೆ ಕೊಡುತ್ತಿದ್ದೇನಲ್ಲ ಎಂಬ ಅರ್ಥದಲ್ಲಿ ಕ್ರಸ್ನೋವ್ ಒಂದು ಭಾಷಣದಲ್ಲಿ ಕುಟುಕಿದ್ದು ಪ್ರಸಿದ್ಧ. ನಿಜ ಹೇಳಬೇಕೆಂದರೆ ಆ ವಾದದಲ್ಲಿ ಗೆದ್ದವನು ಇವನೇ. ಆದರೆ ದೊರೆಯೊಬ್ಬನ ಮೇಲೆ ಭಾರ ಹಾಕಿ ಕಟ್ಟಿದ ರಾಜ್ಯ ಆ ದೊರೆ ಬಿದ್ದ ದಿನ ಏನಾಗುತ್ತದೆ ಎಂಬುದಕ್ಕೆ ಅವನ ಹತ್ತಿರ ಉತ್ತರವಿರಲಿಲ್ಲ. ಆರೇ ತಿಂಗಳಲ್ಲಿ, ನವೆಂಬರಿನಲ್ಲಿ, ಜರ್ಮನಿ ಕುಸಿಯಿತು. ಡಾನ್ ಸೀಮೆಯ ಪಶ್ಚಿಮದ ಗಡಿ ಕಾಯುವವರಿಲ್ಲದೆ ಬಟ್ಟಬಯಲಾಯಿತು.

ಅಷ್ಟರಲ್ಲಿ ಪೂರ್ವದಲ್ಲಿ ವೋಲ್ಗಾ ದಂಡೆಯ ತ್ಸಾರಿತ್ಸಿನ್ ಮೇಲೆ ಅವನ ಸೈನ್ಯ ಮತ್ತೆ ಮತ್ತೆ ಮುತ್ತಿಗೆ ಹಾಕಿ ವಿಫಲವಾಗಿತ್ತು. ಆ ಊರನ್ನು ಕಾಯುತ್ತಿದ್ದವರಲ್ಲಿ ಸ್ಟಾಲಿನ್ ಒಬ್ಬ, ಊರು ಮುಂದೆ ಸ್ಟಾಲಿನ್‌ಗ್ರಾದ್ ಆದದ್ದು ಅದೇ ಕಾರಣಕ್ಕೆ. ಕೊಸಾಕನಿಗೆ ತನ್ನ ಹಳ್ಳಿಯನ್ನು ಕಾಯುವ ಹುಮ್ಮಸ್ಸಿತ್ತು, ಸೀಮೆಯ ಗಡಿ ದಾಟಿ ಪರರ ಊರಿಗಾಗಿ ಸಾಯುವ ಮನಸ್ಸಿರಲಿಲ್ಲ. 1919ರ ಜನವರಿಯಲ್ಲಿ ಡಾನ್ ಮೇಲ್ದಂಡೆಯ ರೆಜಿಮೆಂಟುಗಳು ರಣರಂಗ ಬಿಟ್ಟು ಮನೆಗೆ ನಡೆದವು. ಕೆಂಪು ಸೈನ್ಯಕ್ಕೆ ದಾರಿ ತೆರೆಯಿತು. ಬೊಲ್ಶೆವಿಕ್ ಪಕ್ಷ ಜನವರಿ 24ರಂದು ಹೊರಡಿಸಿದ ಗುಪ್ತ ಆದೇಶದ ಪ್ರಕಾರ ಸಿರಿವಂತ ಕೊಸಾಕರನ್ನು ಸಾಮೂಹಿಕವಾಗಿ ನಾಶಮಾಡುವ ಕೆಲಸ ಶುರುವಾಯಿತು. ಮನೆಗೆ ಮರಳಿದವರೇ ಮಾರ್ಚ್‌ನಲ್ಲಿ ವ್ಯೋಶೆನ್‌ಸ್ಕಾಯಾ ಸುತ್ತಮುತ್ತ ಮತ್ತೆ ದಂಗೆಯೆದ್ದರು. ಶೋಲೊಖೋವ್‌ನ ಡಾನ್ ಕಾದಂಬರಿಯನ್ನು ಓದಿದವರಿಗೆ ಇದೆಲ್ಲ ಅದರ ನಾಯಕ ಗ್ರಿಗೊರಿಯ ಕಣ್ಣಿಂದ ಗೊತ್ತು. ಕ್ರಸ್ನೋವ್ ಅದರಲ್ಲಿ ತನ್ನ ಹೆಸರಿನಲ್ಲೇ ಬಂದು ಹೋಗುತ್ತಾನೆ. ಅವನೂ ಶೋಲೊಖೋವನೂ ಒಂದೇ ಕಾಲದ, ಒಂದೇ ಜನರ ಬಗ್ಗೆ ಬರೆದ ಕಾದಂಬರಿಕಾರರು. ಒಬ್ಬ ಕೊಸಾಕನಲ್ಲದೆಯೂ ಕೊಸಾಕರನ್ನು ಕಂಡ. ಇನ್ನೊಬ್ಬ ಅವರ ಅತಾಮಾನನಾಗಿದ್ದೂ ಕಾಣಲಿಲ್ಲ.

ಫೆಬ್ರವರಿಯಲ್ಲಿ ಕ್ರುಗ್ ಅವನ ಸೇನಾನಾಯಕರ ಮೇಲೆ ಅವಿಶ್ವಾಸ ತೋರಿಸಿತು. ಅವನು ರಾಜೀನಾಮೆ ಕೊಟ್ಟು ಎಸ್ಟೋನಿಯಾದಲ್ಲಿದ್ದ ಬೊಲ್ಶೆವಿಕ್ ವಿರೋಧಿ ಜನರಲ್ ಯುದೆನಿಚ್‌ನ ಸೈನ್ಯಕ್ಕೆ ಹೋದ, ಅಲ್ಲಿ ಪ್ರಚಾರ ಪತ್ರಿಕೆಯ ಕೆಲಸ ಮಾಡಿದ. 1920ರಲ್ಲಿ ಜರ್ಮನಿಗೆ ವಲಸೆ. ಮುಂದೆ ಕೆಲವು ವರ್ಷ ಫ್ರಾನ್ಸ್, 1936ರಿಂದ ಬರ್ಲಿನ್ ಬಳಿಯ ದಾಲೆವಿತ್ಸ್ ಊರು.

ಬರವಣಿಗೆ ಭೋರ್ಗರೆದದ್ದು ಆಗ. ‘ಎರಡು ತಲೆಯ ಹದ್ದಿನಿಂದ ಕೆಂಪು ಬಾವುಟದವರೆಗೆ’ ಎಂಬ ನಾಲ್ಕು ಸಂಪುಟಗಳ ಕಾದಂಬರಿ 1921-22ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾಯಿತು. ಸಾಬ್ಲಿನ್ ಎಂಬ ಅರಮನೆ ಕಾವಲಿನ ಅಧಿಕಾರಿಯ ಬಾಳಿನ ಮೂಲಕ ಕೊನೆಯ ತ್ಸಾರನ ಕಾಲದಿಂದ ಕ್ರಾಂತಿಯವರೆಗೆ ಹೇಳುವ ಕತೆ. ಯುರೋಪಿನ ಹಲವು ಭಾಷೆಗಳಿಗೆ ಹೋಯಿತು, ಚೆನ್ನಾಗಿ ಮಾರಾಟವಾಯಿತು. ಕವಾಯತು, ಕುದುರೆ ಲಾಯ, ಕಾಳಗದ ಪುಟಗಳಲ್ಲಿ ಬದುಕಿದವನ ಬರವಣಿಗೆ ಇದೆ. ಕ್ರಾಂತಿ ಯಾಕಾಯಿತು ಎಂಬ ಪ್ರಶ್ನೆ ಬಂದ ಕೂಡಲೇ ಯಹೂದಿಗಳ ಪಿತೂರಿ ಎಂಬ ಸಿದ್ಧ ಉತ್ತರ ಬರುತ್ತದೆ, ಪುಸ್ತಕ ಅಲ್ಲಿಗೆ ಸತ್ತುಹೋಗುತ್ತದೆ. 1920ರ ದಶಕದಲ್ಲೇ ಬಂದ ‘ಮುಳ್ಳುಗಿಡಗಳ ಆಚೆ’ ಎಂಬರ್ಥದ ಇನ್ನೊಂದು ಕಾದಂಬರಿ ಇನ್ನೂ ಕುತೂಹಲದ್ದು. ಜಗತ್ತು ರಷ್ಯವನ್ನು ಮರೆತಿದೆ, ಗಡಿಯುದ್ದಕ್ಕೂ ಆಳೆತ್ತರದ ಮುಳ್ಳುಗಿಡ ಬೆಳೆದು ದಾರಿ ಮುಚ್ಚಿದೆ. ಮುಳ್ಳನ್ನು ದಾಟಿ ಒಳಹೊಕ್ಕವರಿಗೆ ಕಾಣುವುದು ತ್ಸಾರ್ ಮರಳಿ ಆಳುತ್ತಿರುವ, ಗಂಟೆನಾದದ, ಗಡ್ಡಧಾರಿಗಳ ಸಂತೃಪ್ತ ನಾಡು. ದೇಶ ಕಳೆದುಕೊಂಡವನು ಹೀಗೆ ಕನಸು ಕಂಡರೆ ಯಾರೂ ದೂರುವಂತಿಲ್ಲ. ಕನಸನ್ನು ಟ್ಯಾಂಕುಗಳಲ್ಲಿ ತಂದುಕೊಡುತ್ತೇನೆ ಎನ್ನುವವನೊಬ್ಬ ಬಂದಾಗ ಮಾತ್ರ ತೊಂದರೆ.

1941ರ ಜೂನ್‌ನಲ್ಲಿ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿದಾಗ ಕ್ರಸ್ನೋವ್‌ಗೆ 71. ಇದು ರಷ್ಯದ ಮೇಲಿನ ಯುದ್ಧವಲ್ಲ, ಕಮ್ಯುನಿಸ್ಟರ ಮತ್ತು ಯಹೂದಿಗಳ ಮೇಲಿನದು ಎಂದು ಕೊಸಾಕರಿಗೆ ಸಾರಿ, ಜರ್ಮನ್ ಆಯುಧಗಳಿಗೆ ದೇವರು ಜಯ ಕೊಡಲಿ ಎಂದು ಹಾರೈಸಿದ. ಬೊಲ್ಶೆವಿಕರ ವಿರುದ್ಧ ಕಾದಿ ವಲಸೆ ಹೋದ ‘ಬಿಳಿ’ ಸೇನಾನಿಗಳೆಲ್ಲ ಹೀಗೆ ಮಾಡಲಿಲ್ಲ. ಇವನ ಹಳೆಯ ಎದುರಾಳಿ ದೆನಿಕಿನ್ ಫ್ರಾನ್ಸಿನಲ್ಲಿ ಬಡತನದಲ್ಲಿದ್ದೂ ಜರ್ಮನರ ಕರೆಯನ್ನು ತಿರಸ್ಕರಿಸಿದ. ಬೊಲ್ಶೆವಿಕರನ್ನು ದ್ವೇಷಿಸುವುದಕ್ಕೂ ಹಿಟ್ಲರನಿಗೆ ಸಲಾಮು ಹೊಡೆಯುವುದಕ್ಕೂ ನಡುವೆ ಜಾಗವಿತ್ತು. ಕ್ರಸ್ನೋವ್‌ನ ವಯಸ್ಸು, ನೋವು, ಗಡಿಪಾರು ಯಾವುದನ್ನು ಮುಂದಿಟ್ಟರೂ ಅವನು ಆ ಜಾಗದಲ್ಲಿ ನಿಲ್ಲಲಿಲ್ಲ ಎಂಬುದು ಬದಲಾಗದು.

1943ರ ಆರಂಭದಲ್ಲಿ ಜರ್ಮನರು ಡಾನ್, ಕುಬಾನ್ ಸೀಮೆಗಳಿಂದ ಹಿಮ್ಮೆಟ್ಟಿದಾಗ ಅವರ ಹಿಂದೆಯೇ ಸಾವಿರಾರು ಕೊಸಾಕ್ ಕುಟುಂಬಗಳು ಗಾಡಿ ಕಟ್ಟಿದವು. ಜರ್ಮನರ ಕೈಕೆಳಗೆ ಕೆಲಸ ಮಾಡಿದವರು, ಮಾಡದಿದ್ದರೂ ಸ್ಟಾಲಿನ್‌ಗೆ ಹೆದರಿದವರು, ಹೆಂಗಸರು, ಮಕ್ಕಳು, ಮುದುಕರು. ಉಕ್ರೇನ್, ಬೆಲರೂಸ್ ದಾಟಿ ಹೋಗುತ್ತಲೇ ಇದ್ದರು. ಅದೇ ವರ್ಷ ನವೆಂಬರಿನಲ್ಲಿ ಜರ್ಮನ್ ಸರ್ಕಾರ ಕೊಸಾಕರ ಹಕ್ಕುಗಳನ್ನು ಮನ್ನಿಸುವ ಘೋಷಣೆ ಹೊರಡಿಸಿತು: ಊರಿಗೆ ಮರಳುವ ತನಕ ಬೇರೆಲ್ಲಾದರೂ ಭೂಮಿ ಕೊಡುತ್ತೇವೆ. 1944ರ ಮಾರ್ಚ್ 31ರಂದು ಬರ್ಲಿನ್ನಿನಲ್ಲಿ ಕೊಸಾಕ್ ಪಡೆಗಳ ಪ್ರಧಾನ ಕಚೇರಿ ತೆರೆದು ಕ್ರಸ್ನೋವ್‌ನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು.

ಕೊಟ್ಟ ಭೂಮಿ ಯಾವುದು? ಇಟಲಿಯ ಈಶಾನ್ಯ ಮೂಲೆಯ ಕಾರ್ನಿಯಾ ಎಂಬ ಬೆಟ್ಟದ ಸೀಮೆ. ಅಲ್ಲಿನ ಗೆರಿಲ್ಲಾಗಳು ಫ್ಯಾಸಿಸ್ಟರನ್ನು ಓಡಿಸಿ ಸ್ವತಂತ್ರ ವಲಯ ಕಟ್ಟಿಕೊಂಡಿದ್ದರು. ಅವರನ್ನು ಹತ್ತಿಕ್ಕಲು ಜರ್ಮನರು ಕೊಸಾಕರನ್ನು ತಂದು ತುಂಬಿದರು. ತೊಲ್ಮೆತ್ಸೋ ಸುತ್ತಲಿನ ಹಳ್ಳಿಗಳಿಗೆ ಗಾಡಿ, ಕುದುರೆ, ಒಂಟೆಗಳ ಸಮೇತ ಒಂದು ಜನಸಮೂಹವೇ ಬಂದಿಳಿಯಿತು. ಅಲೆಸ್ಸೋ ಎಂಬ ಊರಿನಿಂದ ಇಟಾಲಿಯನ್ನರನ್ನು ಹೊರಹಾಕಿ ಅದಕ್ಕೆ ನೊವೊಚೆರ್ಕಾಸ್ಕ್ ಎಂದು ಹೆಸರಿಟ್ಟರು. ಚರ್ಚು ಮಾಡಿಕೊಂಡರು, ಶಾಲೆ ತೆರೆದರು, ಪತ್ರಿಕೆ ಹೊರಡಿಸಿದರು. ಚಳಿಗಾಲಕ್ಕೆಂದು ಕೂಡಿಟ್ಟಿದ್ದ ಹುಲ್ಲು, ಕಾಳು, ದನ ಕಳೆದುಕೊಂಡ ಕಾರ್ನಿಯಾದ ಬಡ ರೈತನಿಗೆ ಇವರು ನಾಡು ಕಳೆದುಕೊಂಡ ನಿರಾಶ್ರಿತರು ಎಂದು ಕಾಣಲು ಸಾಧ್ಯವೇ? ಸ್ವಂತ ಮನೆಯಿಂದ ದಬ್ಬಿಸಿಕೊಂಡವರು ಇನ್ನೊಬ್ಬನ ಮನೆಯ ಬಾಗಿಲು ಒಡೆದು ಒಳಗೆ ಕೂತಿದ್ದರ ಬಗ್ಗೆ ಇಟಲಿಯ ಲೇಖಕ ಕ್ಲಾಉದಿಯೋ ಮಾಗ್ರಿಸ್ 1984ರಲ್ಲಿ ಒಂದು ಕಿರುಕಾದಂಬರಿಯನ್ನೇ ಬರೆದಿದ್ದಾನೆ. ಕ್ರಸ್ನೋವ್ ಸತ್ತದ್ದು ಮಾಸ್ಕೋದಲ್ಲಲ್ಲ, ಇದೇ ಬೆಟ್ಟಗಳಲ್ಲಿ ಎಂಬ ಸ್ಥಳೀಯ ನಂಬಿಕೆಯನ್ನು ಅದು ಬೆನ್ನು ಹತ್ತುತ್ತದೆ.

1945ರ ಫೆಬ್ರವರಿಯಲ್ಲಿ ಕ್ರಸ್ನೋವ್ ಹೆಂಡತಿ ಲಿದಿಯಾ ಜೊತೆ ಅಲ್ಲಿಗೇ ಬಂದ. ಊರುಗೋಲು ಹಿಡಿದು ನಡೆಯುವ ಮುದುಕ. ಜರ್ಮನಿ ಸೋಲುವುದು ಕುರುಡನಿಗೂ ಕಾಣುತ್ತಿದ್ದ ಆ ತಿಂಗಳುಗಳಲ್ಲಿ ಅವನು ಮಾಡುತ್ತಿದ್ದದ್ದು ಜನರಲ್ ವ್ಲಾಸೊವ್ ಜೊತೆಗಿನ ಜಗಳ. ವ್ಲಾಸೊವ್ ಸೆರೆಸಿಕ್ಕು ಜರ್ಮನರ ಕಡೆ ಸೇರಿದ ಸೋವಿಯತ್ ಸೇನಾನಿ. ಅಂಥವನ ಕೈಕೆಳಗೆ ಕೊಸಾಕರು ಹೋಗಬಾರದು, ನಮ್ಮದು ಪ್ರತ್ಯೇಕ ಎಂಬುದು ಇವನ ಹಟ. ಯುದ್ಧ ಮುಗಿಯುವ ಹೊತ್ತಿಗೆ ಇಡೀ ಸಮೂಹ ಹಿಮ ತುಂಬಿದ ಪ್ಲೋಕೆನ್ ಕಣಿವೆ ದಾರಿ ಹತ್ತಿಳಿದು ಆಸ್ಟ್ರಿಯಾದ ಲೀನ್ಸ್ ಪಟ್ಟಣದ ಬಳಿ ದ್ರಾವಾ ನದಿಯ ದಂಡೆಯಲ್ಲಿ ಬೀಡುಬಿಟ್ಟಿತು, ಬ್ರಿಟಿಷರಿಗೆ ಶರಣಾಯಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನ.

ಬ್ರಿಟಿಷರ ಮೇಲೆ ಅವನಿಗೆ ವಿಚಿತ್ರ ನಂಬಿಕೆ. ಆ ವಲಯದ ಸರ್ವೋಚ್ಚ ಸೇನಾಧಿಪತಿ ಫೀಲ್ಡ್ ಮಾರ್ಷಲ್ ಅಲೆಕ್ಸಾಂಡರ್ 1919ರಲ್ಲಿ ಬಾಲ್ಟಿಕ್ ಕಡೆ ಬೊಲ್ಶೆವಿಕರ ವಿರುದ್ಧ ಕಾದಿದ್ದವನು, ಯುದೆನಿಚ್ ಕೈಯಿಂದ ರಷ್ಯನ್ ಪದಕ ಪಡೆದವನು. ಕ್ರಸ್ನೋವ್ ಅವನಿಗೆ ಪತ್ರ ಬರೆದ, ಉತ್ತರ ಬರಲಿಲ್ಲ. ಸೋವಿಯತ್ ಪ್ರಜೆಗಳನ್ನು ಮರಳಿಸುತ್ತೇವೆ ಎಂದು ಯಾಲ್ಟಾದಲ್ಲಿ ಮೂರು ತಿಂಗಳ ಹಿಂದೆಯೇ ಸಹಿ ಬಿದ್ದಿತ್ತು. ಮೇ 28ರಂದು ಕೊಸಾಕ್ ಅಧಿಕಾರಿಗಳಿಗೆಲ್ಲ ಕರೆ ಬಂತು: ಫೀಲ್ಡ್ ಮಾರ್ಷಲ್ ಜೊತೆ ಸಭೆಯಿದೆ, ಸಂಜೆಗೆ ವಾಪಸ್ ಬರುತ್ತೀರಿ, ಸಾಮಾನು ಬೇಡ. ಸುಮಾರು 1,500 ಅಧಿಕಾರಿಗಳು ಪದಕ ಸಿಕ್ಕಿಸಿಕೊಂಡು ಲಾರಿ ಹತ್ತಿದರು. ಲಾರಿಗಳು ನಿಂತದ್ದು ಸ್ಪಿತಾಲ್ ಊರಿನ ಮುಳ್ಳುತಂತಿಯ ಬೇಲಿಯೊಳಗೆ. ನಾಳೆ ನಿಮ್ಮನ್ನು ಸೋವಿಯತ್ ಸೈನ್ಯಕ್ಕೆ ಒಪ್ಪಿಸುತ್ತೇವೆ ಎಂದು ಅಲ್ಲಿ ತಿಳಿಸಿದರು. ರಾತ್ರಿಯೆಲ್ಲ ಕೂತು ಕ್ರಸ್ನೋವ್ ಇಂಗ್ಲೆಂಡಿನ ದೊರೆಗೆ, ರೆಡ್ ಕ್ರಾಸ್‌ಗೆ ಫ್ರೆಂಚ್ ಭಾಷೆಯಲ್ಲಿ ಮನವಿ ಬರೆದ. ಕೆಲವರು ಅಲ್ಲೇ ನೇಣು ಹಾಕಿಕೊಂಡರು. ಮರುದಿನ ಯೂಡೆನ್‌ಬುರ್ಗ್‌ನಲ್ಲಿ ಮೂರ್ ನದಿಯ ಸೇತುವೆ ದಾಟಿಸಿದರು.

ಕ್ರಸ್ನೋವ್ ಯಾವತ್ತೂ ಸೋವಿಯತ್ ಪ್ರಜೆಯಾಗಿರಲಿಲ್ಲ, 1920ರಲ್ಲೇ ದೇಶ ಬಿಟ್ಟವನು. ಯಾಲ್ಟಾದ ಒಪ್ಪಂದ ಅವನಿಗೆ ಅನ್ವಯಿಸುತ್ತಲೇ ಇರಲಿಲ್ಲ. ಆದರೂ ಕೊಟ್ಟರು. ಜೂನ್ 1ರಂದು ಲೀನ್ಸ್ ಬಳಿಯ ಪೆಗ್ಗೆತ್ಸ್ ಶಿಬಿರದಲ್ಲಿ ಪ್ರಾರ್ಥನೆಗೆ ನಿಂತಿದ್ದ ಹೆಂಗಸರು ಮಕ್ಕಳನ್ನು ಬ್ರಿಟಿಷ್ ಸೈನಿಕರು ದೊಣ್ಣೆ, ಬಂದೂಕಿನ ಹಿಡಿಗಳಿಂದ ಬಡಿದು ಲಾರಿಗೆ ತುಂಬಿದರು. ಮಕ್ಕಳನ್ನು ಕಟ್ಟಿಕೊಂಡು ದ್ರಾವಾ ನದಿಗೆ ಹಾರಿದವರಿದ್ದಾರೆ. ಇದರ ಹೊಣೆ ಯಾರದೆಂಬ ವಾದ ಇಂಗ್ಲೆಂಡಿನಲ್ಲಿ ದಶಕಗಳ ಕಾಲ ನಡೆಯಿತು. ಅಂದಿನ ಸೇನಾಧಿಕಾರಿ ಲಾರ್ಡ್ ಆಲ್ಡಿಂಗ್‌ಟನ್ ಮೇಲೆ ಬೊಟ್ಟುಮಾಡಿದ ಇತಿಹಾಸಕಾರ ನಿಕೊಲಾಯ್ ಟಾಲ್‌ಸ್ಟಾಯ್ 1989ರಲ್ಲಿ ಮಾನನಷ್ಟ ಮೊಕದ್ದಮೆಯಲ್ಲಿ ಸೋತ. ಜ್ಯೂರಿ ವಿಧಿಸಿದ ಪರಿಹಾರ 15 ಲಕ್ಷ ಪೌಂಡ್.

ಮಾಸ್ಕೋದ ಲುಬ್ಯಾಂಕಾ ಸೆರೆಮನೆಯ ಸ್ನಾನದ ಕೋಣೆಯಲ್ಲಿ ಅವನ ಬಂಧು, ವರಸೆಯಲ್ಲಿ ಮೊಮ್ಮಗನಾಗಬೇಕಾದ ಯುವಕ ನಿಕೊಲಾಯ್ ಕ್ರಸ್ನೋವ್, ಮುದುಕನನ್ನು ಕೊನೆಯ ಬಾರಿ ಕಂಡ. ನೀನು ಬದುಕುಳಿದರೆ ಕಂಡದ್ದನ್ನು ಕಂಡ ಹಾಗೆ ಬರೆ, ಬಣ್ಣ ಹಚ್ಚಬೇಡ ಎಂದು ಅಜ್ಜ ಹೇಳಿದನಂತೆ. ಹತ್ತು ವರ್ಷ ಶಿಬಿರಗಳಲ್ಲಿ ಕಳೆದು 1955ರಲ್ಲಿ ಹೊರಬಂದ ನಿಕೊಲಾಯ್ ಆ ನೆನಪುಗಳನ್ನು ಬರೆದು ಪ್ರಕಟಿಸಿ, 1959ರಲ್ಲಿ ಅರ್ಜೆಂಟೀನಾದಲ್ಲಿ ತೀರಿಕೊಂಡ. ಕ್ರಸ್ನೋವ್ ಜೊತೆ ಗಲ್ಲಿಗೇರಿದವರು ಐವರು. ಕೊಸಾಕ್ ಸೇನಾನಿಗಳಾದ ಶ್ಕುರೋ, ದೊಮಾನೊವ್, ಸೆಮ್ಯೋನ್ ಕ್ರಸ್ನೋವ್, ಕಾಕಸಸ್ಸಿನ ಸುಲ್ತಾನ್ ಕ್ಲಿಚ್ ಗಿರೇಯ್, ಮತ್ತು ಯುಗೊಸ್ಲಾವಿಯಾದಲ್ಲಿ ಕೊಸಾಕ್ ದಳ ನಡೆಸಿದ ಜರ್ಮನ್ ಜನರಲ್ ಫಾನ್ ಪಾನ್‌ವಿತ್ಸ್.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಅವನ ಕಾದಂಬರಿಗಳು ಮಾಸ್ಕೋದ ಪುಸ್ತಕದಂಗಡಿಗಳಿಗೆ ಬಂದವು, ಅಚ್ಚಿನ ಮೇಲೆ ಅಚ್ಚು ಕಂಡವು. ಶಿಕ್ಷೆ ರದ್ದುಮಾಡಿ ಎಂದು ಹೋದ ಅರ್ಜಿಯನ್ನು ರಷ್ಯದ ಸುಪ್ರೀಂ ಕೋರ್ಟಿನ ಸೇನಾ ಪೀಠ 1997ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಮಾಸ್ಕೋದ ಚರ್ಚೊಂದರ ಆವರಣದಲ್ಲಿ ಇವನಿಗೂ ಜೊತೆಯವರಿಗೂ ಇಟ್ಟಿದ್ದ ಶಿಲಾಫಲಕವನ್ನು 2007ರ ವಿಜಯ ದಿನದ ಹಿಂದಿನ ದಿನ ಯಾರೋ ಒಡೆದುಹಾಕಿದರು. ಸುಮಾರು ಅದೇ ಹೊತ್ತಿಗೆ ಡಾನ್ ದಂಡೆಯ ಯೆಲಾನ್‌ಸ್ಕಾಯಾ ಹಳ್ಳಿಯ ಖಾಸಗಿ ಸ್ಮಾರಕವೊಂದರಲ್ಲಿ ಅವನದೊಂದು ಎತ್ತರದ ಕಂಚಿನ ಪ್ರತಿಮೆ ಎದ್ದಿತು. ಅದನ್ನು ಕೆಡವಬೇಕೆಂದು ಕಮ್ಯುನಿಸ್ಟರೂ ಯುದ್ಧದಲ್ಲಿ ಹೋರಾಡಿದ ಹಿರಿಯರೂ ದೂರು ಕೊಟ್ಟರು. ಆ ದೂರುದಾರರಲ್ಲೂ ಕೊಸಾಕರಿದ್ದರೆ ಅಚ್ಚರಿಯಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಜೊತೆ ಸೇರಿದ ಕೊಸಾಕರಿಗಿಂತ ಬಹಳ ಹೆಚ್ಚಿನವರು ಕೆಂಪು ಸೈನ್ಯದಲ್ಲಿದ್ದರು, 5ನೇ ಡಾನ್ ಕೊಸಾಕ್ ಅಶ್ವದಳ ಆಸ್ಟ್ರಿಯಾವರೆಗೂ ಹೋರಾಡುತ್ತ ಬಂದಿತ್ತು. ಕ್ರಸ್ನೋವ್‌ನ ಯಾವ ಕಾದಂಬರಿಯಲ್ಲೂ ಅವರಿಗೆ ಪಾತ್ರವಿಲ್ಲ.